ನೂರರಲ್ಲಿ ನಲವತ್ತೊಂದು

ನಾಯಿಜ್ವರದ ವರ್ಷ ಕಳೆದ ಮೇಲೆ ಊರೂರಿನ ಬಹುಮಹಡಿ ಮನೆಗಳಲ್ಲಿ ನಾಯಿ, ಬೆಕ್ಕು ಸಾಕಬಾರದೆಂದು ಕಾಯ್ದೆ ಬಂತು. ಕಾಯ್ದೆಗೆ ಹದಿನೆಂಟು ವರ್ಷ ತುಂಬುವಷ್ಟರಲ್ಲಿ ಜನ ಹಾವಿಗೆ ಒಗ್ಗಿಹೋಗಿದ್ದರು. ಮೊದಲು ಹೆದರಿದರು, ಆಮೇಲೆ ನೆರೆಮನೆಯವರದನ್ನು ನೋಡಿ ನಕ್ಕರು, ಕೊನೆಗೆ ತಾವೂ ಒಂದು ತಂದು ಅದಕ್ಕೆ ಬಸಕ್ಕ, ಪುಟ್ಟಿ ಎಂದೆಲ್ಲ ಹೆಸರಿಟ್ಟರು. ಮೊಳದುದ್ದದ, ಹೆಬ್ಬೆರಳಿಗಿಂತ ತೆಳ್ಳಗಿನ, ವಿಷವಿಲ್ಲದ ಹಾವು. ಕೂದಲು ಉದುರಿಸುವುದಿಲ್ಲ, ಸದ್ದು ಮಾಡುವುದಿಲ್ಲ, ವಾರಕ್ಕೊಂದು ಇಲಿಮರಿ ಹಾಕಿದರೆ ಅದರ ಊಟ ಮುಗಿಯಿತು. ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡು ಮಲಗುವುದರಿಂದ ಅದಕ್ಕೆ ಕಂಕಣಹಾವು ಎಂಬ ಹೆಸರು ಬಿತ್ತು.

ಫಿಟ್ಸ್ ಬರುವವರಿದ್ದ ಮನೆಗಳಲ್ಲಿ ಅದು ಬರೀ ಸಾಕುಪ್ರಾಣಿಯಾಗಿರಲಿಲ್ಲ. ಕಂಕಣಹಾವಿನ ಮೇಲ್ದುಟಿಯ ಅಂಚಿನಲ್ಲಿ ಸೂಜಿಮೊನೆಯಷ್ಟು ಸಣ್ಣ ಕುಳಿಗಳಿರುತ್ತವೆ. ಕಣ್ಣು ಬೆಳಕನ್ನು ನೋಡಿದಂತೆ ಆ ಕುಳಿಗಳು ಶಾಖವನ್ನು ನೋಡುತ್ತವೆ. ಫಿಟ್ಸ್ ಬರುವ ಏಳೆಂಟು ನಿಮಿಷ ಮೊದಲು ಮನುಷ್ಯನ ಮಣಿಕಟ್ಟಿನ ಚರ್ಮ ತುಸುವೇ ತಣ್ಣಗಾಗುತ್ತದೆ. ಮನುಷ್ಯನಿಗೆ ಅದು ಗೊತ್ತಾಗುವುದಿಲ್ಲ, ಹಾವಿಗೆ ಗೊತ್ತಾಗುತ್ತದೆ. ಆಗ ಅದು ಮೈ ಬಿಗಿಯುತ್ತದೆ. ಅಷ್ಟು ಸಾಕು. ಏಣಿ ಮೇಲಿದ್ದವರು ಕೆಳಗಿಳಿಯುತ್ತಾರೆ, ಒಲೆ ಮುಂದಿದ್ದವರು ಒಲೆ ಆರಿಸಿ ನೆಲಕ್ಕೆ ಮೈ ಚಾಚುತ್ತಾರೆ.

ಈ ತಳಿಯನ್ನು ಮಾಡಿದವಳು ಬೆಟಗೇರಿಯ ನೀಲಗಂಗಾ ಬಣಕಾರ. ಇಪ್ಪತ್ಮೂರು ವರ್ಷದ ಹಿಂದೆ ಕಾಲೇಜೊಂದರ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದಾಗ, ಮನೆಗೆ ತಂದಿದ್ದ ಸಣ್ಣದೊಂದು ಹೆಬ್ಬಾವಿನ ಜಾತಿಯ ಹಾವು ತನ್ನ ಗಂಡ ಮೈಲಾರಪ್ಪನ ಕೈಯನ್ನು ಬಿಗಿದ ಸ್ವಲ್ಪ ಹೊತ್ತಿಗೇ ಅವನಿಗೆ ಫಿಟ್ಸ್ ಬರುವುದನ್ನು ಆಕೆ ಮೂರು ಸಲ ನೋಡಿದಳು. ನಾಲ್ಕನೆಯ ಸಲಕ್ಕೆ ನೌಕರಿ ಬಿಟ್ಟಳು. ಬಿಗಿದದ್ದನ್ನು ಬಿಗಿದದ್ದರ ಜೊತೆ ಕೂಡಿಸುತ್ತ, ಬಿಗಿಯದ್ದನ್ನು ಪಕ್ಕಕ್ಕಿಡುತ್ತ ಏಳು ತಲೆಮಾರು ದಾಟಿಸಿದಳು. ಮೊಟ್ಟೆಗಳನ್ನು ಮರಳು ತುಂಬಿದ ಮಡಕೆಯಲ್ಲಿಟ್ಟು, ಹಗಲು ಕಾದು ರಾತ್ರಿ ತಂಪಾಗುವ ಕೋಣೆಯಲ್ಲಿ ಅರವತ್ತೆರಡು ದಿನ ಕಾಯುತ್ತಿದ್ದಳು. ಮರಿ ಹೊರಬಂದ ಮೇಲೆ ಒಂದೊಂದನ್ನೂ ತಿಂಗಳುಗಟ್ಟಲೆ ಗಂಡನ ಕೈಗೆ ಹಾಕಿ ನೋಡುತ್ತಿದ್ದಳು. ವರ್ಷಕ್ಕೆ ನಲವತ್ತು ಹಾವು ಹೊರಗೆ ಹೋದರೆ ಅದೇ ಹೆಚ್ಚು. ಹೋದದ್ದು ಒಂದೂ ತಪ್ಪುತ್ತಿರಲಿಲ್ಲ.

ಕಾಯುವವರ ಪಟ್ಟಿಯಲ್ಲಿ ಹನ್ನೊಂದು ಸಾವಿರ ಹೆಸರಾದಾಗ, ಆ ಪಟ್ಟಿಯಲ್ಲಿದ್ದ ಹುಡುಗಿಯೊಬ್ಬಳ ತಾಯಿ ಬಾಗಿಲಿಗೆ ಬಂದಳು. ಹುಡುಗಿ ಫಿಟ್ಸ್ ಬಂದು ನೀರಿನ ತೊಟ್ಟಿಯೊಳಗೆ ಬಿದ್ದು ತೀರಿಹೋಗಿದ್ದಳು. ಆ ತಾಯಿ ಬೈಯಲಿಲ್ಲ, ಪಟ್ಟಿಯಿಂದ ಮಗಳ ಹೆಸರು ತೆಗೆದು ಮುಂದಿನವರಿಗೆ ಕೊಡಿ ಎಂದು ಹೇಳಲು ಬಂದಿದ್ದಳಷ್ಟೆ. ಅದಾದ ತಿಂಗಳಿಗೇ ‘ಸ್ಪರ್ಶಜೀವ’ ಎಂಬ ಕಂಪನಿಯವರು ಬಂದು, ಮುಚ್ಚಿದ್ದ ನೂಲಿನ ಗಿರಣಿಯನ್ನು ಕೊಂಡು ಹಾವಿನ ಕಾರ್ಖಾನೆ ಮಾಡುತ್ತೇವೆ, ನೀವು ಮುಖ್ಯ ತಳಿಗಾರ್ತಿಯಾಗಿ ಎಂದರು. ನೀಲಗಂಗಾ ಒಪ್ಪಿ ಸಹಿ ಹಾಕಿದಳು. ಅದಕ್ಕೀಗ ನಾಲ್ಕು ವರ್ಷ.

ಅವಳು ಮಡಕೆಯಲ್ಲಿ ಎರಡು ತಿಂಗಳು ಕಾಯುತ್ತಿದ್ದ ಮರಿ ಗಿರಣಿಯ ಶೀಘ್ರಗೂಡಿನಲ್ಲಿ ಹದಿನೇಳು ದಿನಕ್ಕೆ ಹೊರಬರುತ್ತಿತ್ತು. ಗೂಡೆಂದರೆ ಉದ್ದನೆಯ ಉಕ್ಕಿನ ಕಪಾಟು. ಒಳಗೆ ಒಂದೇ ಸಮನಾದ ಶಾಖ, ಅಳತೆಯ ತೇವ, ಬೆಳವಣಿಗೆಯನ್ನು ದೂಡುವ ಒಂದು ರಸ. ತಾಯಿಹಾವುಗಳಿಗೆ ಗಂಡೂ ಬೇಕಿರಲಿಲ್ಲ. ಒಂದು ಚುಚ್ಚುಮದ್ದಿಗೆ ಅವು ತಮ್ಮದೇ ಪಡಿಯಚ್ಚಿನ ಮೊಟ್ಟೆಗಳನ್ನಿಡುತ್ತಿದ್ದವು. ಹಿಂದೆ ನೂಲಿನ ಕದಿರು ತಿರುಗುತ್ತಿದ್ದ ಜಾಗದಲ್ಲಿ ಈಗ ಕಪಾಟಿನ ಸಾಲು. ಮರಿಗಳನ್ನು ಪರೀಕ್ಷಿಸಲು ಕೃತಕ ಮಣಿಕಟ್ಟು, ಅಂದರೆ ರಬ್ಬರು ಹೊದಿಸಿದ ಒಂದು ಸಲಾಕೆ. ಸಲಾಕೆ ಮೆಲ್ಲಗೆ ತಣ್ಣಗಾಗುತ್ತದೆ, ಹಾವು ಬಿಗಿಯುತ್ತದೆ, ಹಸಿರು ದೀಪ ಹತ್ತುತ್ತದೆ, ಹಾವು ಪೆಟ್ಟಿಗೆಗೆ ಹೋಗುತ್ತದೆ. ಪೆಟ್ಟಿಗೆಯ ಮೇಲೆ ನೀಲಗಂಗಾಳ ಹೆಸರಿನ ಮುದ್ರೆ. ನಾಲ್ಕು ವರ್ಷದಲ್ಲಿ ಎರಡು ಲಕ್ಷ ಪೆಟ್ಟಿಗೆ ಹೋಗಿದ್ದವು. ಕಾಯುವವರ ಪಟ್ಟಿಯೇ ಉಳಿದಿರಲಿಲ್ಲ.

ಫಾಲ್ಗುಣದ ಒಂದು ಬೆಳಿಗ್ಗೆ ಮುಳಗುಂದದಿಂದ ಶಿವಲೀಲಾ ಎಂಬ ಹೆಂಗಸು ಪೆಟ್ಟಿಗೆ ಎದೆಗವಚಿಕೊಂಡು ಗಿರಣಿಯ ಬಾಗಿಲಿಗೆ ಬಂದಳು. ಅವಳ ತಾಯಿ ಬಸ್‌ಸ್ಟ್ಯಾಂಡಿನ ಎದುರು ಮಿರ್ಚಿ ಭಜಿ ಮಾಡುವವಳು. ಕೈಯಲ್ಲಿ ಹಾವಿದೆ ಎಂಬ ಧೈರ್ಯದಿಂದ ಎರಡು ವರ್ಷದಿಂದ ಒಬ್ಬಳೇ ಬಾಣಲೆ ಮುಂದೆ ನಿಲ್ಲುತ್ತಿದ್ದಳಂತೆ. ಹೋದ ವಾರ ಹಾವು ಸುಮ್ಮನೇ ಮಲಗಿತ್ತು, ತಾಯಿ ಕಾದ ಎಣ್ಣೆಯ ಮೇಲೆ ಬಿದ್ದಳು. ಬಲಗೈ ಮೊಣಕೈವರೆಗೆ ಬೆಂದುಹೋಗಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಳು. ಇದನ್ನೆಲ್ಲ ಶಿವಲೀಲಾ ಅಳದೆ ಹೇಳಿದಳು. ನಂತರ ಪೆಟ್ಟಿಗೆಯ ಮೇಲಿನ ಮುದ್ರೆ ತೋರಿಸಿ, “ಈ ಹೆಸರು ನಿಮ್ಮದ ಅಲ್ಲೇನ್ರೀ?” ಎಂದು ಕೇಳಿದಳು.

ನೀಲಗಂಗಾ ಹೌದೆಂದಳು.

“ನಮ್ಮವ್ವ ಹಾವಿನ ಮ್ಯಾಲೆ ಸಿಟ್ಟಾಗಿಲ್ರಿ. ಅದಕ್ಕ ಜಡ್ಡ ಬಂದಿರಬೇಕು, ನೋಡಸ್ಕೊಂಡ ಬಾ ಅಂದಾಳ.”

ನೀಲಗಂಗಾ ಹಾವನ್ನು ಪರೀಕ್ಷಾ ಕೋಣೆಗೆ ಒಯ್ದಳು. ಅಲ್ಲಿ ಶಕೀಲಾ ಮುಲ್ಲಾ ಇದ್ದಳು. ನಿಯಂತ್ರಣ ಕೋಣೆ, ಪರೀಕ್ಷಾ ಕೋಣೆ ಎರಡನ್ನೂ ನೋಡಿಕೊಳ್ಳುವ, ಮೂವತ್ತರ ಆಸುಪಾಸಿನ ಚುರುಕು ಹೆಣ್ಣುಮಗಳು. ನೀಲಗಂಗಾಳೇ ಕಲಿಸಿ ಬೆಳೆಸಿದವಳು. ಇಬ್ಬರೂ ಸೇರಿ ಹಾವನ್ನು ಸಲಾಕೆಗೆ ಸುತ್ತಿದರು. ಹತ್ತು ಸಲ ತಣ್ಣಗೆ ಮಾಡಿದರು, ಹತ್ತು ಸಲವೂ ಬಿಗಿಯಿತು, ಹತ್ತು ಸಲವೂ ಹಸಿರು ದೀಪ. ಹಾವಿಗೆ ಯಾವ ಜಡ್ಡೂ ಇರಲಿಲ್ಲ. ಕಣ್ಣು ತಿಳಿಯಾಗಿತ್ತು, ಹೊಟ್ಟೆಯ ಹೊಳಪು ರೇಷ್ಮೆಯಂತಿತ್ತು. ನಿಜ ಹೇಳಬೇಕೆಂದರೆ ಅವಳ ಮಡಕೆಯ ಹಾವುಗಳಿಗಿಂತ ಇದೇ ಚಂದ.

ಮಷಿನ್ನಿಗೆ ಗೊತ್ತಾಗದ್ದು ಗೊತ್ತಾಗಬೇಕಾದರೆ ಹಳೆಯ ದಾರಿ ಒಂದೇ ಇತ್ತು. ಆ ಸಂಜೆ ನೀಲಗಂಗಾ ಹಾವನ್ನು ಮನೆಗೆ ತಂದಳು.

ಮೈಲಾರಪ್ಪ ಹಾರ್ಮೋನಿಯಂ ರಿಪೇರಿ ಮಾಡುವವನು. ನಡುಮನೆಯ ಚಾಪೆಯ ಮೇಲೆ ಕುಳಿತು, ಒಂದೊಂದೇ ಹಿತ್ತಾಳೆಯ ಸ್ವರಪಟ್ಟಿಯನ್ನು ಅರದಿಂದ ತೀಡಿ, ಕಿವಿಗೆ ಹಿಡಿದು, ಮತ್ತೆ ತೀಡುತ್ತಿದ್ದ. ಹತ್ತು ವರ್ಷದಿಂದ ಅವನ ಎಡಗೈಯಲ್ಲಿ ಮಡಕೆಯ ಕಾಲದ ಗೌರಿ ಎಂಬ ಹಾವಿತ್ತು. ಹೊಸ ಮಾತ್ರೆ ಹೊಂದಿಕೊಂಡ ಮೇಲೆ ಅವನಿಗೆ ಫಿಟ್ಸ್ ಬರುವುದೇ ಅಪರೂಪವಾಗಿತ್ತು. ಆರು ತಿಂಗಳಿಗೊಮ್ಮೆ, ಎಂಟು ತಿಂಗಳಿಗೊಮ್ಮೆ. ನೀಲಗಂಗಾ ಮುಳಗುಂದದ ಹೆಂಗಸಿನ ಕಥೆ ಹೇಳಿ, ಗೌರಿಯನ್ನು ಬಿಡಿಸಿ ಇದನ್ನು ಸ್ವಲ್ಪ ದಿನ ಹಾಕಿಕೊಳ್ಳುತ್ತೀಯಾ ಎಂದು ಕೇಳಿದಳು. ಅವನು ಕೈ ಚಾಚಿದ. ಗೌರಿ ಮೂಲೆಯ ಬುಟ್ಟಿಗೆ ಹೋಯಿತು.

ವಾರವಾಯಿತು, ಹತ್ತು ದಿನವಾಯಿತು, ಏನೂ ಆಗಲಿಲ್ಲ. ಇಷ್ಟು ವರ್ಷ ಬರಬಾರದೆಂದು ಹರಕೆ ಹೊತ್ತದ್ದನ್ನು ಈಗ ಬರಲಿ ಎಂದು ಕಾಯುವುದು ನೀಲಗಂಗಾಳಿಗೆ ಹೇಸಿಗೆಯೆನಿಸುತ್ತಿತ್ತು. ಬೆಳಿಗ್ಗೆ ಗಿರಣಿಗೆ ಹೋಗುವಾಗ ಇವತ್ತು ಬಂದೀತೇನೋ ಎಂದು ಅವನ ಮುಖ ನೋಡುವಳು. ನೋಡಿದ್ದಕ್ಕೆ ನಾಚುವಳು.

ಹದಿಮೂರನೆಯ ದಿನ ಭಾನುವಾರ. ಮಧ್ಯಾಹ್ನ ಊಟವಾಗಿ ಅವಳು ಬಟ್ಟೆ ಮಡಚುತ್ತಿದ್ದಳು, ಅವನು ಹಾರ್ಮೋನಿಯಂಗೆ ಗಾಳಿ ಊದುವ ತಿದಿಯ ಚರ್ಮಕ್ಕೆ ಅಂಟು ಹಚ್ಚುತ್ತಿದ್ದ. ಹಾವು ಅವನ ಮಣಿಕಟ್ಟಿನಲ್ಲಿ ಸಡಿಲವಾಗಿ ಮಲಗಿತ್ತು. ಅಂಟಿನ ಬಟ್ಟಲು ಉರುಳಿದ ಸದ್ದಿಗೆ ಅವಳು ತಿರುಗುವಷ್ಟರಲ್ಲಿ ಮೈಲಾರಪ್ಪ ಹಾರ್ಮೋನಿಯಂ ಪೆಟ್ಟಿಗೆಯ ಅಂಚಿಗೆ ಬಡಿದುಕೊಂಡು ಬಿದ್ದಿದ್ದ. ಅವನ ಮೈಯೆಲ್ಲ ಅದುರುತ್ತಿತ್ತು. ಹಾವು ಹಾಗೆಯೇ ಮಲಗಿತ್ತು. ಜೋಲಿಯಲ್ಲಿ ಮಲಗಿದ ಕೂಸಿನಂತೆ, ನಿಶ್ಚಿಂತೆಯಿಂದ.

ಅವನ ಭುಜದ ಕೀಲು ತಪ್ಪಿತ್ತು. ವೈದ್ಯರು ಕೂಡಿಸಿ ಕಟ್ಟು ಹಾಕಿ ಕಳಿಸಿದರು. ಮರುದಿನ ಮಾತ್ರೆ ಕೊಡಲು ಡಬ್ಬಿ ತೆಗೆದಾಗ ನೀಲಗಂಗಾಳಿಗೆ ಐದು ದಿನದ ಮಾತ್ರೆಗಳು ಹಾಗೇ ಇರುವುದು ಕಂಡಿತು. ಡಬ್ಬಿಯನ್ನು ಅವನ ಮುಂದಿಟ್ಟಳು.

“ಮಾತ್ರಿ ಬಿಡು ಅಂತ ನೀ ನನ್ನ ಕೇಳ್ತಿರಲಿಲ್ಲ. ಅದಕ್ಕ ನಾನೂ ನಿನಗ ಹೇಳ್ಲಿಲ್ಲ,” ಎಂದ ಮೈಲಾರಪ್ಪ.

“ಸತ್ತಿದ್ರ?”

“ಆಕಿ ಭಜಿ ಮಾಡಾಕಿ. ನಾ ಕುಂತಲ್ಲೇ ಬಿದ್ದೆ, ಆಕಿ ಎಣ್ಯಾಗ ಬಿದ್ಲು. ಇನ್ನ ಎಷ್ಟ ಮಂದಿ ಬೀಳೋರದಾರ, ಅದನ್ನ ನೋಡು.”

ಅವಳು ಗೌರಿಯನ್ನು ತಂದು ಅವನ ಕೈಗೆ ಹಾಕಿ ಗಿರಣಿಗೆ ಹೋದಳು.

ಮಡಕೆಯ ಕಾಲದಲ್ಲಿ ಅವಳು ಗಂಡನ ಮಣಿಕಟ್ಟಿಗೆ ಸಣ್ಣ ಶಾಖಮಾಪಕ ಕಟ್ಟಿ ಬರೆದಿಟ್ಟ ನೂರಾರು ದಾಖಲೆಗಳಿದ್ದವು. ಶಕೀಲಾ ಅವನ್ನು ನಿಯಂತ್ರಣ ಕೋಣೆಯ ಪರದೆಯ ಮೇಲೆ ಹಾಕಿದಳು. ಪಕ್ಕದಲ್ಲಿ ಕೃತಕ ಮಣಿಕಟ್ಟಿನ ಗೆರೆ. ಎರಡನ್ನೂ ಒಟ್ಟಿಗೆ ನೋಡಿದ ಮೇಲೆ ಹೇಳುವುದಕ್ಕೆ ಹೆಚ್ಚೇನೂ ಇರಲಿಲ್ಲ. ಸಲಾಕೆಯ ಗೆರೆ ಇಳಿಜಾರಿನ ಹಾಗೆ ನೆಟ್ಟಗೆ ಇಳಿಯುತ್ತಿತ್ತು. ಮನುಷ್ಯನ ಗೆರೆ ಇಳಿದು, ತಡೆದು, ತುಸು ಏರಿ, ಮತ್ತೆ ಇಳಿಯುತ್ತಿತ್ತು. ಕುಡಿದವನ ನಡಿಗೆಯ ಹಾಗೆ. ರಾತ್ರಿ ತಂಪಾಗುವ, ಹಗಲು ಕಾಯುವ ಮಡಕೆಯಲ್ಲಿ ಬೆಳೆದ ಮರಿ ಮೊಟ್ಟೆಯೊಳಗೇ ಈ ಏರಿಳಿತವನ್ನು ಕಲಿತು ಬರುತ್ತಿತ್ತು. ಶೀಘ್ರಗೂಡಿನ ಮರಿ ಹದಿನೇಳು ದಿನ ಒಂದೇ ಶಾಖದಲ್ಲಿ ಬೆಳೆದದ್ದು. ಅದಕ್ಕೆ ನೆಟ್ಟಗಿನ ಇಳಿತ ಗೊತ್ತು, ಅದುರುವ ಇಳಿತ ಗೊತ್ತಿಲ್ಲ. ಕುಳಿ ಅದೇ, ನರ ಅದೇ, ಆದರೆ ಕಲಿಯುವ ಹೊತ್ತಿನಲ್ಲಿ ಕಲಿಯಲಿಲ್ಲ.

ಶಕೀಲಾ ಮೈಲಾರಪ್ಪನ ಮಣಿಕಟ್ಟಿನ ದಾಖಲೆಯನ್ನೇ ಸಲಾಕೆಗೆ ಉಣಿಸಿದಳು. ಆ ದಿನ ಪೆಟ್ಟಿಗೆಗೆ ಹೋಗಲಿದ್ದ ನೂರು ಹಾವುಗಳನ್ನು ಒಂದೊಂದಾಗಿ ಸುತ್ತಿದರು. ಸಂಜೆ ಐದರವರೆಗೆ ಹಿಡಿಯಿತು. ನೂರರಲ್ಲಿ ನಲವತ್ತೊಂದು ಬಿಗಿದವು. ಉಳಿದ ಐವತ್ತೊಂಬತ್ತು ಮಲಗಿದ್ದವು. ಕೊನೆಗೆ ಮಡಕೆಯ ಕಾಲದ ಹನ್ನೊಂದು ತಾಯಿಹಾವುಗಳನ್ನೂ ನೋಡಿದರು. ಹನ್ನೊಂದೂ ಬಿಗಿದವು.

ಶಕೀಲಾ ಸಂಖ್ಯೆಗಳನ್ನು ಹಾಳೆಯ ಮೇಲೆ ಬರೆದಳು. ಆಮೇಲೆ, ಎರಡು ಲಕ್ಷಕ್ಕೆ ಲೆಕ್ಕ ಹಾಕಿದರೆ ಒಂದು ಲಕ್ಷ ಹದಿನೆಂಟು ಸಾವಿರ ಮನೆ ಎಂದಳು. ನೀಲಗಂಗಾ ಆ ಲೆಕ್ಕವನ್ನು ಮನಸ್ಸಿನಲ್ಲೇ ಮಾಡಿ ಮುಗಿಸಿದ್ದಳು.

ಗಿರಣಿಯ ಮುಖ್ಯಸ್ಥ ಪ್ರಭಂಜನ ಕಟ್ಟಿ ಕೆಟ್ಟವನಲ್ಲ. ಧಾರವಾಡದವನು, ಮೆದುಮಾತಿನವನು, ಅವಳು ಎದುರು ಬಂದರೆ ಎದ್ದು ನಿಲ್ಲುವವನು. ಕಾಗದಗಳನ್ನು ಎರಡು ಸಲ ಓದಿದ. ಸುಳ್ಳೆನ್ನಲಿಲ್ಲ. ಶೀಘ್ರಗೂಡಿನಲ್ಲೇ ರಾತ್ರಿಯ ತಂಪು, ಹಗಲಿನ ಕಾವು ಕೊಡೋಣ, ಹದಿನೇಳು ದಿನದ ಬದಲು ಅರವತ್ತು ದಿನವಾಗಲಿ ಎಂದು ಅವಳು ಕೇಳಿದಳು. ಹಾಗೆ ಮಾಡಿದರೆ ಮೂರರಲ್ಲೊಂದು ಭಾಗ ಹಾವೂ ಬರುವುದಿಲ್ಲ, ಆಡಳಿತ ಮಂಡಳಿ ಗಿರಣಿಯನ್ನೇ ಮುಚ್ಚುತ್ತದೆ ಎಂದು ಅವನು ವಿವರಿಸಿದ. ಹಾಗಿದ್ದರೆ ಮುದ್ರೆ ಹಿಂತೆಗೆದುಕೊಳ್ಳುತ್ತೇನೆ ಎಂದಳು.

ಕಟ್ಟಿ ಕಪಾಟಿನಿಂದ ತಳಿಮುದ್ರೆ ಕಾಯ್ದೆಯ ಪುಸ್ತಕ ತೆಗೆದು ಒಂದು ಪುಟವನ್ನು ಅವಳ ಮುಂದಿಟ್ಟ. ನಾಯಿಜ್ವರದ ಭಯದಲ್ಲಿ ಮಾಡಿದ ಕಾಯ್ದೆ ಅದು. ಸಾಕುಪ್ರಾಣಿಯ ಪ್ರತಿ ತಳಿಗೂ ಹೆಸರಿರುವ, ಬದುಕಿರುವ ಒಬ್ಬ ಹೊಣೆಗಾರ ಇರಬೇಕು. ಹೊಣೆಗಾರ ಮುದ್ರೆ ಹಿಂತೆಗೆದುಕೊಂಡರೆ ತಳಿ ದೋಷದ್ದು ಎಂದರ್ಥ. ಮೂವತ್ತು ದಿನದೊಳಗೆ ಆ ತಳಿಯ ಪ್ರತಿಯೊಂದು ಪ್ರಾಣಿಯನ್ನೂ ಮನೆಮನೆಯಿಂದ ಒಟ್ಟುಮಾಡಿ ತಣ್ಣನೆಯ ಪೆಟ್ಟಿಗೆಯಲ್ಲಿ ಮಲಗಿಸಿಬಿಡಬೇಕು. ಮತ್ತೆ ಆ ತಳಿ ಮಾಡುವಂತಿಲ್ಲ.

“ಬಿಗಿಯೂ ಹಾವೂ ಹೋಗ್ತಾವ, ಬಿಗೀಲಾರದ್ದೂ ಹೋಗ್ತಾವ. ನಿಮ್ಮ ತಾಯಿಹಾವು ಹೋಗ್ತಾವ. ನಿಮ್ಮ ಯಜಮಾನರ ಕೈಯಾಗಿಂದೂ ಹೋಗ್ತದ,” ಎಂದ ಕಟ್ಟಿ. “ಇವತ್ತ ನೂರು ಮಂದ್ಯಾಗ ನಲವತ್ತೊಂದು ಮಂದಿಗೆ ಸೂಚನಾ ಸಿಗ್ತದ. ನೀವು ಸಹಿ ಮಾಡಿದ ದಿನ ಒಬ್ಬರಿಗೂ ಸಿಗೂದಿಲ್ಲ. ನನಗ ಇದರಾಗ ಯಾವ್ದು ಧರ್ಮ ಅಂತ ಗೊತ್ತಾಗವಲ್ದು, ನೀಲಗಂಗಾ ಅವರ. ನಿಮಗ ಗೊತ್ತಾದ್ರ ಹೇಳ್ರಿ.”

ರಾಜೀನಾಮೆ ಕೊಡುತ್ತೇನೆ ಎಂದಳು. ಕೊಡಬಹುದು, ಅದಕ್ಕೆ ಕಾಯ್ದೆ ಅಡ್ಡ ಬರುವುದಿಲ್ಲ ಎಂದ. ಆಗ ಮುದ್ರೆ ಕಂಪನಿ ಹೇಳಿದವರ ಹೆಸರಿಗೆ ಹೋಗುತ್ತದೆ. ತರಬೇತಾದವಳು ಒಬ್ಬಳೇ ಇದ್ದಳು, ಶಕೀಲಾ. ಹೊರಗೆ ಬೇರೆ ಕಡೆ ಮಡಕೆ ಇಟ್ಟು ಮತ್ತೆ ಮೊದಲಿನಿಂದ ಶುರು ಮಾಡುವುದಕ್ಕೂ ಬರುವುದಿಲ್ಲ; ಒಂದು ತಳಿಗೆ ಒಂದೇ ಮನೆ ಎಂದು ನೋಂದಣಿಯಾಗಿದೆ, ಆ ಮನೆ ಗಿರಣಿ.

ಕೊನೆಗೆ ಕಟ್ಟಿ ಒಂದು ದಾರಿ ಸೂಚಿಸಿದ. ಗಿರಣಿಯ ಹಳೆಯ ಹತ್ತಿ ಕೋಣೆಯನ್ನು ಅವಳಿಗೇ ಬಿಟ್ಟುಕೊಡುವುದು. ಅಲ್ಲಿ ಮಡಕೆ ಇಟ್ಟು ತಿಂಗಳಿಗೆ ನಲವತ್ತು ಹಾವು ಮಾಡಲಿ, ಅವುಗಳಿಗೆ ಬಂಗಾರದ ಬಣ್ಣದ ಮುದ್ರೆ, ಹತ್ತುಪಟ್ಟು ಬೆಲೆ. ಯೋಗ್ಯತೆ ಇದ್ದವರು ಕೊಳ್ಳುತ್ತಾರೆ. ಅವನು ಇದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು ಎಂಬುದು ನೀಲಗಂಗಾಳಿಗೆ ತಿಳಿಯಿತು. ಮುಳಗುಂದದ ಭಜಿ ಅಂಗಡಿಗೆ ಯಾವ ಬಣ್ಣದ ಮುದ್ರೆ ಹೋಗುತ್ತದೆಂದು ಕೇಳುವ ಅಗತ್ಯವಿರಲಿಲ್ಲ. ಉತ್ತರ ಇಬ್ಬರಿಗೂ ಗೊತ್ತಿತ್ತು.

ಅಂದಿನಿಂದ ಅವಳಿಗೆ ಗಿರಣಿ ಉಸಿರು ಕಟ್ಟಿಸತೊಡಗಿತು. ಕಪಾಟುಗಳ ನಡುವೆ ನಡೆಯುವಾಗ ಎರಡೂ ಕಡೆಯ ಗಾಜಿನ ಹಿಂದೆ ಒಂದೇ ಅಚ್ಚಿನ ಸಾವಿರಾರು ತಲೆಗಳು ತಿರುಗುತ್ತಿದ್ದವು. ಅವಳು ಇಟ್ಟ ಸಹಿಯೇ ನಾಲ್ಕು ಗೋಡೆಯಾಗಿ ಎದ್ದು ನಿಂತಂತಿತ್ತು; ಒಂದು ಗೋಡೆ ಒಡೆದರೆ ಅದು ಬೀಳುವುದು ಬೇರೆಯವರ ಮೇಲೆ. ಮನೆಯಲ್ಲಿ ಮೈಲಾರಪ್ಪ ಕಟ್ಟು ಹಾಕಿದ ಭುಜದಿಂದ ಒಂದೇ ಕೈಯಲ್ಲಿ ಅರ ಹಿಡಿಯಲು ಹೆಣಗುತ್ತಿದ್ದ. ಊಟಕ್ಕೆ ಕುಳಿತಾಗ ಅವಳು ತುತ್ತು ಕಲಸಿ ಕಲಸಿ ಹಾಗೇ ಬಿಡುತ್ತಿದ್ದಳು.

“ನಾ ಒಳಗಿದ್ರ ನನ್ನ ಹೆಸರಿಂದ ಮಾರ್ತಾರ, ಹೊರಗ ಬಂದ್ರ ಶಕೀಲಾನ ಹೆಸರಿಂದ ಮಾರ್ತಾರ,” ಎಂದಳು ಒಂದು ದಿನ. “ಬಾಯಿ ಬಿಟ್ರ ಎಲ್ಲಾ ಹಾವು ಸಾಯ್ತಾವ. ಬಿಡದಿದ್ರ ಮಂದಿ ಬೀಳ್ತಾರ.”

ಮೈಲಾರಪ್ಪ ಸ್ವರಪಟ್ಟಿಯನ್ನು ಕೆಳಗಿಟ್ಟ. ಹಾವು ಒಳ್ಳೆಯದೋ ಕೆಟ್ಟದ್ದೋ ಎಂಬ ಮಾತು ಸರ್ಕಾರಕ್ಕೆ ಹೇಳಿದರಷ್ಟೇ ಅಲ್ಲವೇ ಹಾವುಗಳು ಸಾಯುವುದು ಎಂದು ಕೇಳಿದ. ಹಾವು ಕಟ್ಟಿಕೊಂಡವರಿಗೆ ಹೇಳಬಾರದೆಂದು ಆ ಪುಸ್ತಕದಲ್ಲಿ ಎಲ್ಲಾದರೂ ಬರೆದಿದೆಯೇ? ಅಪಸ್ವರದ ಪೆಟ್ಟಿಗೆ ಬಂದರೆ ನಾನು ಅದನ್ನು ಒಡೆದು ಹಾಕುವುದಿಲ್ಲ, ಯಾವ ಸ್ವರ ಸುಳ್ಳು ಎಂದು ಬಾರಿಸುವವನಿಗೆ ತೋರಿಸಿ ಕೊಡುತ್ತೇನೆ, ಅವನು ಅದೊಂದನ್ನು ಬಿಟ್ಟು ಬಾರಿಸುತ್ತಾನೆ ಎಂದ.

ಹೇಳುವ ದಾರಿ ಇತ್ತು. ಪ್ರತಿ ಹಾವಿನ ಪೆಟ್ಟಿಗೆಯ ಮುಚ್ಚಳದಲ್ಲಿ ಒಂದು ಮಾತಿನ ಬಿಲ್ಲೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಅದು ನೀಲಗಂಗಾಳ ದನಿಯಲ್ಲಿ ಮಾತಾಡುತ್ತಿತ್ತು: ಇವತ್ತು ಊಟದ ದಿನ, ಇಲಿಮರಿಯನ್ನು ಬಿಸಿನೀರಿನಲ್ಲಿ ಅದ್ದಿ ಕೊಡಿ, ಪೊರೆ ಬಿಡುತ್ತಿದ್ದರೆ ಒದ್ದೆ ಬಟ್ಟೆ ಇಡಿ. ನಾಲ್ಕು ವರ್ಷದಿಂದ ವಾರ ವಾರ ಅವಳೇ ಮಾತಾಡಿ ಕೊಡುತ್ತಿದ್ದಳು, ಶಕೀಲಾ ನಿಯಂತ್ರಣ ಕೋಣೆಯಿಂದ ಎರಡು ಲಕ್ಷ ಮನೆಗೆ ಕಳಿಸುತ್ತಿದ್ದಳು. ಕಳಿಸುವ ಮುನ್ನ ಅದನ್ನು ಗಿರಣಿಯಲ್ಲಿ ಬೇರೆ ಯಾರೂ ಕೇಳಿ ನೋಡುತ್ತಿರಲಿಲ್ಲ.

ನೀಲಗಂಗಾ ಮೂರು ವಾರ ತೆಗೆದುಕೊಂಡು ಒಂದು ಪರೀಕ್ಷೆ ಕಂಡುಹಿಡಿದಳು. ಮಷಿನ್ ಬೇಡ, ಫಿಟ್ಸ್ ಬರಬೇಕಿಲ್ಲ, ಅಡುಗೆಮನೆಯಲ್ಲಿ ಯಾರಾದರೂ ಮಾಡಬಹುದಾದದ್ದು. ಶಕೀಲಾ ಅದನ್ನು ಬಿಗಿಯುವ ಐವತ್ತು, ಬಿಗಿಯದ ಐವತ್ತು ಹಾವುಗಳ ಮೇಲೆ ನೋಡಿದಳು. ಮೂರು ಬಾರಿ ಮಾತ್ರ ತಪ್ಪಿತು. ಭಾನುವಾರ ಮಧ್ಯಾಹ್ನ ಇಬ್ಬರೂ ನಿಯಂತ್ರಣ ಕೋಣೆಯಲ್ಲಿ ಕುಳಿತರು. ನೀಲಗಂಗಾ ಯಾವ ಸಿದ್ಧತೆಯೂ ಇಲ್ಲದೆ, ಪಕ್ಕದ ಮನೆಯವರೊಡನೆ ಮಾತಾಡಿದಂತೆ ಮಾತಾಡಿದಳು.

“ನಾನ್ರೀ, ನೀಲಗಂಗಾ. ಇವತ್ತ ಊಟದ ಮಾತ ಆಮ್ಯಾಲೆ. ನಿಮ್ಮ ಮನ್ಯಾಗಿನ ಹಾವು ಫಿಟ್ಸಿಗೆ ಬಿಗೀತೈತಿ ಅಂತ ನಂಬಿ ನೀವು ಒಬ್ಬರ ಇರಬ್ಯಾಡ್ರಿ. ಬಿಗೀಲಿಕ್ಕಿಲ್ಲ. ತಪ್ಪ ನಿಮ್ಮದಲ್ಲ, ಹಾವಿಂದೂ ಅಲ್ಲ, ನಾವು ಅದನ್ನ ಬೆಳಸಿದ್ದು ಸರಿ ಇಲ್ಲ. ಆರಾಮ ಇರೋರು ಯಾರರ ಹಾವನ್ನ ಕೈಗೆ ಹಾಕ್ಕೊಳ್ರಿ. ಅಂಗೈನ ಗಡಗಿ ತಣ್ಣೀರಾಗ ಇಟ್ಟು ಹತ್ತು ಎಣಸ್ರಿ. ಉಗರಬೆಚ್ಚನ ನೀರಾಗ ಇಟ್ಟು ಐದು ಎಣಸ್ರಿ. ಮತ್ತ ಗಡಗಿ ನೀರಾಗ ಇಡ್ರಿ. ಹಿಂಗ ಮೂರ ಸಲ. ಮೂರನೇದಕ್ಕೂ ಬಿಗೀಲಿಲ್ಲಂದ್ರ ಅದು ಬರೇ ಮನೀ ಹಾವು. ಅದನ್ನ ಸಾಕ್ರಿ, ಆದ್ರ ನಂಬಬ್ಯಾಡ್ರಿ.”

ಶಕೀಲಾ ಇದನ್ನು ಕಳಿಸಿದರೆ ಕೆಲಸ ಹೋಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ನಾನೇ ಒತ್ತುತ್ತೇನೆ, ನೀನು ಹೊರಗೆ ಹೋಗು ಎಂದು ನೀಲಗಂಗಾ ಹೇಳಿದಳು. ಶಕೀಲಾ ಎದ್ದವಳು ಬಾಗಿಲವರೆಗೆ ಹೋಗಿ ವಾಪಸು ಬಂದಳು. “ನಾಳೆ ಈ ಮುದ್ರೆ ನನ್ನ ಹೆಸರಿಗೆ ಬರೂದೈತಿ. ಅದಕ್ಕ ಮೊದ್ಲ ಒಂದು ಖರೇ ಮಾತು ಹೋಗ್ಲಿ,” ಎಂದು ತಾನೇ ಗುಂಡಿ ಒತ್ತಿದಳು.

ಸೋಮವಾರ ಬೆಳಿಗ್ಗೆ ಎರಡು ಲಕ್ಷ ಅಡುಗೆಮನೆಗಳಲ್ಲಿ ಜನ ನೀರಿನಲ್ಲಿ ಕೈ ಇಟ್ಟು ಎಣಿಸಿದರು. ಮಧ್ಯಾಹ್ನದ ಹೊತ್ತಿಗೆ ಗಿರಣಿಯ ಫೋನುಗಳೆಲ್ಲ ಹೊಡೆದುಕೊಳ್ಳತೊಡಗಿದವು. ಬುಧವಾರ ನೋಂದಣಿ ಇಲಾಖೆಯ ಮೂವರು ಬಂದರು. ನೀಲಗಂಗಾ ಬಟ್ಟೆಬರೆ ಕಟ್ಟಿಟ್ಟುಕೊಂಡೇ ಬಂದಿದ್ದಳು. ಏನೇ ಬಂದರೂ ಒಂದು ಬಾಗಿಲಂತೂ ತೆರೆಯುತ್ತದೆ, ಜೈಲಿನದಾದರೂ ಸರಿ ಎನಿಸಿತ್ತು.

ಆ ಬಾಗಿಲೂ ತೆರೆಯಲಿಲ್ಲ. ಕಟ್ಟಿ ಅಧಿಕಾರಿಗಳ ಮುಂದೆ ಎದ್ದು ನಿಂತು, ಆ ಸಂದೇಶ ಕಂಪನಿಯ ಒಪ್ಪಿಗೆಯಿಂದಲೇ ಹೋದದ್ದು, ಬಳಕೆದಾರರ ಜಾಗೃತಿಗಾಗಿ ಮಾಡಿದ ಮನೆಪರೀಕ್ಷೆ ಎಂದ. ತಳಿಯಲ್ಲಿ ದೋಷವಿಲ್ಲ, ಮುದ್ರೆಯನ್ನು ಯಾರೂ ಹಿಂತೆಗೆದುಕೊಂಡಿಲ್ಲ, ಬೇಕಿದ್ದರೆ ತಳಿಗಾರ್ತಿಯನ್ನೇ ಕೇಳಿ ಎಂದ. ಮೂವರೂ ಅವಳ ಕಡೆ ತಿರುಗಿದರು. ಹಿಂತೆಗೆದುಕೊಂಡಿದ್ದೇನೆ ಎಂದರೆ ಮೂವತ್ತು ದಿನದಲ್ಲಿ ಬಿಗಿಯುವ ಎಂಬತ್ತೆರಡು ಸಾವಿರ ಹಾವು ಸಾಯುತ್ತವೆ. ಈಗ ಅವು ಯಾವ ಮನೆಯಲ್ಲಿವೆ ಎಂದು ಆ ಮನೆಯವರಿಗೂ ಗೊತ್ತಾಗಿತ್ತು; ಅವರು ಅಂದು ಬೆಳಿಗ್ಗೆ ತಾನೇ ಧೈರ್ಯದಿಂದ ಒಲೆ ಹಚ್ಚಿದ್ದರು. ನೀಲಗಂಗಾ ಹಿಂತೆಗೆದುಕೊಂಡಿಲ್ಲ ಎಂದಳು. ಅಧಿಕಾರಿಗಳು ಬರೆದುಕೊಂಡು ಹೋದರು.

ಮುಂದಿನ ತಿಂಗಳಿಂದ ಪೆಟ್ಟಿಗೆಯ ಮೇಲೆ ಅವಳದೇ ಪರೀಕ್ಷೆ ಅಚ್ಚಾಗಿ ಬಂತು. ಕೆಳಗೆ ಒಂದು ಸಾಲು: ಪರೀಕ್ಷಿಸಿ ನೋಡದೆ ಬಳಸಿದರೆ ಕಂಪನಿ ಹೊಣೆಯಲ್ಲ. ಅವಳು ಜನರಿಗೆ ಕೊಟ್ಟ ಸತ್ಯವನ್ನು ಕಂಪನಿ ಎತ್ತಿಕೊಂಡು ತನ್ನ ಹೊಣೆಯನ್ನು ಜನರ ಕೈಗೇ ಕೊಟ್ಟಿತ್ತು. ಶೀಘ್ರಗೂಡುಗಳು ಮೊದಲಿನಂತೆಯೇ ಓಡಿದವು. ಶಕೀಲಾಳ ಕೆಲಸವೂ ಹೋಗಲಿಲ್ಲ, ಅವಳನ್ನು ಹೊಗಳಿ ಒಂದು ಪತ್ರ ಬಂತು. ಅವಳು ಅದನ್ನು ಹರಿದು ಹಾವಿನ ತಟ್ಟೆಗೆ ಹಾಸಿದಳು.

ಒಂದನ್ನು ಮಾತ್ರ ನೀಲಗಂಗಾ ಜಗ್ಗಿ ತೆಗೆದುಕೊಂಡಳು. ಕಂಪನಿಗೆ ತನ್ನ ಹೆಸರು, ತನ್ನ ದನಿ ಎರಡೂ ಈಗ ಹಿಂದೆಂದಿಗಿಂತ ಹೆಚ್ಚು ಬೇಕಾಗಿವೆ ಎಂಬುದು ಅವಳಿಗೆ ಗೊತ್ತಿತ್ತು. ಹತ್ತಿ ಕೋಣೆ ನನಗೆ ಕೊಡಿ, ಬಂಗಾರದ ಮುದ್ರೆ ಬೇಡ ಎಂದಳು. ಅಲ್ಲಿ ಹುಟ್ಟಿದ ಹಾವು, ಈಗಿರುವ ಹಾವು ಬಿಗಿಯದ ಮನೆಗಳಿಗೆ ಮಾತ್ರ ಹೋಗಬೇಕು, ಬದಲಿಯಾಗಿ, ಬೆಲೆಯಿಲ್ಲದೆ. ಅದಕ್ಕೆ ಪ್ರತಿಯಾಗಿ ತಾನು ಬದುಕಿರುವವರೆಗೆ ಗಿರಣಿ ಬಿಡುವುದಿಲ್ಲ ಎಂದು ಬರೆದುಕೊಟ್ಟಳು. ಮಂಡಳಿ ಎರಡು ವಾರ ಅಳೆದು ಸುರಿದು ಒಪ್ಪಿತು. ಅವಳು ಆ ಕಾಗದಕ್ಕೆ ಸಹಿ ಹಾಕುವಾಗ ಕಟ್ಟಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ನಿಂತಿದ್ದ.

ಹತ್ತಿ ಕೋಣೆಯ ಗೋಡೆಗಳಲ್ಲಿ ಇನ್ನೂ ಹಳೆಯ ನೂಲಿನ ಎಳೆಗಳು ಅಂಟಿದ್ದವು. ಕಿಟಕಿ ತೆರೆಸಿದಳು, ಮಡಕೆ ತರಿಸಿದಳು, ಮರಳು ಜರಡಿ ಹಿಡಿಸಿದಳು. ಮೊದಲ ಮೊಟ್ಟೆಗಳನ್ನು ಹೂತಿಟ್ಟ ದಿನ ಶಕೀಲಾ ಬಿಗಿಯದ ಮನೆಗಳ ಪಟ್ಟಿ ತಂದು ಮೇಜಿನ ಮೇಲಿಟ್ಟಳು. ಬರೆಸಿದವರು ಒಂದು ಲಕ್ಷ ಹದಿನೇಳು ಸಾವಿರ ಚಿಲ್ಲರೆ. ತಿಂಗಳಿಗೆ ನಲವತ್ತು ಎಂದರೆ ಇನ್ನೂರ ನಲವತ್ತು ವರ್ಷ ದಾಟುತ್ತದೆ. ಶಕೀಲಾ ಮಡಕೆಗಳಿಗೆ ನೀರು ಚಿಮುಕಿಸಲು ಹೋದಳು.

ನೀಲಗಂಗಾ ಪಟ್ಟಿಯ ಮೊದಲ ಸಂಖ್ಯೆಗೆ ಫೋನು ಮಾಡಿದಳು. ಕೊಟ್ಟೂರಿನವನು, ಹನುಮಗೌಡ ಎಂದು ಹೆಸರು. ಫಿಟ್ಸ್ ಇದ್ದದ್ದು ಅವನ ಹೆಂಡತಿಗೆ. ನಿಮಗೆ ಬೇರೆ ಹಾವು ಸಿಗುತ್ತದೆ, ಹೆಸರು ಬಂದಿದೆ ಎಂದು ತಿಳಿಸಿದಳು. ಯಾವಾಗ ಎಂದು ಅವನು ಕೇಳಿದ. ಮೊಟ್ಟೆ ಇವತ್ತಷ್ಟೇ ಇಟ್ಟದ್ದು. ಅರವತ್ತೆರಡು ದಿನಕ್ಕೆ ಮರಿ, ಆಮೇಲೆ ಆರು ತಿಂಗಳು ಪರೀಕ್ಷೆ. ಹೇಳುತ್ತಾ ಹೇಳುತ್ತಾ ಅವಳ ದನಿ ಇಳಿಯಿತು. ಅಲ್ಲಿಯವರೆಗೆ ಹೇಗೆ ಮಾಡುತ್ತೀರಿ ಎಂದು ಕೇಳಬೇಕೆನಿಸಿತು, ಕೇಳುವ ಮುಖ ಇರಲಿಲ್ಲ.

ಆ ಕಡೆಯಿಂದ ಒಲೆಯ ಮೇಲೆ ಏನೋ ಕುದಿಯುವ ಸದ್ದು, ಒಳಗಿನಿಂದ ಹೆಂಗಸೊಬ್ಬಳು ಯಾರದು ಎಂದು ಕೇಳಿದ ಸದ್ದು ಕೇಳಿಸಿತು.

“ಆತು ಬಿಡ್ರಿ,” ಎಂದ. “ಅಲ್ಲೀತನಕ ನಾನ ಆಕಿ ಕೈ ಹಿಡಕೊಂಡ ಕುಂದರ್ತೀನಿ.”

ನೀಲಗಂಗಾ ಫೋನು ಇಟ್ಟು ಅವನ ಹೆಸರಿನ ಮುಂದೆ ತಾರೀಖು ಬರೆದಳು. ಸೆರಗಿನಿಂದ ಮುಖ ಒರೆಸಿಕೊಂಡು ಎರಡನೆಯ ಸಂಖ್ಯೆ ಒತ್ತಿದಳು.